ಕತ್ತರಿಗೆ ಒಪ್ಪದ ಬಾಶೆ

ಬಾಶೆ ಕಾರ್ಲಿನ್ಸ್ಕಿಯನ್ನು ಬಗ್ಗಿಸಲು ಹೊರಟವರು ಮೂವರು: ಕೋಟು ಹೊಲಿಯುವ ಕಾರ್ಖಾನೆಯ ಮೇಸ್ತ್ರಿ, ನ್ಯೂಯಾರ್ಕಿನ ಪೊಲೀಸರು, ಆಮೇಲೆ ನಮ್ಮ ಸಂಘದ ಅಧ್ಯಕ್ಷರಾದ ದಂತವೈದ್ಯ ಡಾಕ್ಟರ್ ಮಾರ್ವಿನ್ ಪ್ಲೋಟ್ಕಿನ್. ಮೊದಲಿನಿಬ್ಬರು ಬೇಗ ಬುದ್ಧಿ ಕಲಿತರು. ಮೂರನೆಯವರು ಓದಿದವರು, ಅದಕ್ಕೇ ತಡವಾಯಿತು.

ಪೂರ್ವ ಯುರೋಪಿನ ಗ್ರೋಡ್ನೋ ಕಡೆಯ ಒಂದು ಊರಿನಿಂದ ಹಡಗು ಹತ್ತಿ ಬಂದಾಗ ಬಾಶೆ ಇನ್ನೂ ಲಂಗದ ಹುಡುಗಿ. ಎದೆಯುದ್ದ ಬೆಳೆಯುವ ಹೊತ್ತಿಗೆ ಗ್ರ್ಯಾಂಡ್ ಸ್ಟ್ರೀಟಿನ ಕಾರ್ಖಾನೆಯಲ್ಲಿ ಕೋಟುಗಳಿಗೆ ಕಾಜಾ ಹಾಕುತ್ತಿದ್ದಳು. ಕಾಜಾ ಹಾಕುವವರ ಸಾಲು ಹಾಡಿಕೊಂಡು ಕೆಲಸ ಮಾಡುತ್ತಿತ್ತು. ಮೇಸ್ತ್ರಿಗೆ ಅದು ಸೇರಲಿಲ್ಲ.

"ಹಾಡಿದ್ರೆ ಕೈ ನಿಧಾನ ಆಗುತ್ತೆ. ನಾಳೆಯಿಂದ ಯಾರೂ ಬಾಯಿ ತೆಗೀಬಾರದು," ಎಂದ.

ಮರುದಿನ ಯಾರೂ ಬಾಯಿ ತೆಗೆಯಲಿಲ್ಲ. ಮುಚ್ಚಿದ ಬಾಯಲ್ಲೇ ಇಡೀ ಸಾಲು ಗುಂಯ್‌ಗುಟ್ಟಿತು. ಮೇಸ್ತ್ರಿ ಒಬ್ಬೊಬ್ಬರ ಮುಖದ ಹತ್ತಿರ ಕಿವಿ ತಂದಾಗ ಅಲ್ಲಿ ಸದ್ದಿಲ್ಲ, ಪಕ್ಕದವಳಲ್ಲಿ ಇದೆ. ಮಧ್ಯಾಹ್ನದ ಹೊತ್ತಿಗೆ ಅವನು ತಲೆ ಹಿಡಿದುಕೊಂಡು, "ಹಾಡ್ರಮ್ಮ, ಹಾಡಿ, ಇದಕ್ಕಿಂತ ಅದೇ ವಾಸಿ," ಎಂದನಂತೆ. ಮುಷ್ಕರದ ಕಾಲದಲ್ಲಿ ಪೊಲೀಸರು ಬಾಶೆಯನ್ನೂ ಗೆಳತಿಯರನ್ನೂ ವ್ಯಾನಿಗೆ ತುಂಬಿ ಠಾಣೆಗೆ ಒಯ್ದರು. ದಾರಿಯುದ್ದಕ್ಕೂ ಇವರು ಹಾಡಿದರು, ಠಾಣೆಯಲ್ಲೂ ನಿಲ್ಲಿಸಲಿಲ್ಲ. ರಾತ್ರಿ ಪಾಳಿಯ ಅಧಿಕಾರಿ ಸಂಗೀತಪ್ರೇಮಿಯಲ್ಲ. ಊಟಕ್ಕೆ ಮುಂಚೆಯೇ ಎಲ್ಲರನ್ನೂ ಮನೆಗೆ ಅಟ್ಟಿದ.

ಗಂಡ ಮೇಯರ್ ಬಟ್ಟೆ ಕತ್ತರಿಸುವವನು, ಮೆತ್ತಗಿನ ಮನುಷ್ಯ. ಅವನ ಬಗ್ಗೆ ಬಾಶೆ ಹೇಳುತ್ತಿದ್ದದ್ದು ಒಂದೇ ಮಾತು: "ಸಾಯೋ ಮುಂಚೆ ಏನೋ ಹೇಳೋಕೆ ಬಾಯಿ ತೆಗೆದ. ನಾನು ಮಧ್ಯೆ ಬಾಯಿ ಹಾಕ್ಬಿಟ್ಟೆ." ಹೀಗೆಂದು ನಗುತ್ತಿದ್ದಳು, ನಕ್ಕ ಮೇಲೆ ಸ್ವಲ್ಪ ಹೊತ್ತು ಯಾರ ಮುಖವನ್ನೂ ನೋಡುತ್ತಿರಲಿಲ್ಲ.

ಎರಡನೆಯ ಮಹಾಯುದ್ಧ ಮುಗಿದು ಕೆಲವು ವರ್ಷಗಳಾಗಿದ್ದವು. ಒಂದು ದೊಡ್ಡ ರೆಕಾರ್ಡ್ ಕಂಪನಿಯವನು ನಮ್ಮ ಬೀದಿಗೆ ಬಂದು ಯೆಹೂದಿಗಳ ಪ್ರಾರ್ಥನಾಮಂದಿರಗಳಾದ ಸಿನಗಾಗ್‌ಗಳಲ್ಲಿ ಪ್ರಾರ್ಥನೆ ಹಾಡುವ ಗಾಯಕರನ್ನು ಹುಡುಕಾಡಿದ. ಎದೆ ದೊಡ್ಡದಿದ್ದವರು, ಗಡ್ಡ ಉದ್ದವಿದ್ದವರು ಸಾಲುಗಟ್ಟಿದರು. ಬಾಶೆಯೂ ಹೋಗಿ ಕೇಳಿದಳು: "ಮೇಲೆ ಬಾಲ್ಕನೀಲಿ ಹೆಂಗಸರು ಹೇಳೋದನ್ನ ಯಾಕೆ ತಗೊಳ್ಳಲ್ಲ?"

"ಅದು ಹಾಡಲ್ಲಮ್ಮ, ಅಳು," ಎಂದ ಅವನು.

"ನಿಮ್ಮ ಗಾಯಕರು ಅಳೋದೇ ಇಲ್ವಾ?"

"ಅವರು ಶಾಸ್ತ್ರೋಕ್ತವಾಗಿ ಅಳ್ತಾರೆ."

ಈ ಮಾತಿನ ಸಿಟ್ಟಿನಲ್ಲಿ ಹುಟ್ಟಿದ್ದು ನಮ್ಮ ಸಂಘ. ಲಾಭದ ಉದ್ದೇಶವಿಲ್ಲದ ಸಂಸ್ಥೆ ಎಂದು ಸರ್ಕಾರದಲ್ಲಿ ನೋಂದಾಯಿಸಿದೆವು. ಲಾಭ ಅಕಸ್ಮಾತ್ತಾಗಿಯೂ ಒಳಗೆ ಬಾರದಂತೆ ನೋಡಿಕೊಳ್ಳುವ ಸಾಮರ್ಥ್ಯ ನಮಗೆ ಹುಟ್ಟಿನಿಂದಲೇ ಇತ್ತು. ಮದುವೆಮನೆಗಳ ಪಿಟೀಲು, ಹೊಲಿಗೆಯವರ ಹಾಡು, ತೊಟ್ಟಿಲ ಹಾಡು, ಬೇಕರಿಯವನೊಬ್ಬ ಹಿಟ್ಟು ನಾದುತ್ತಾ ಗುನುಗುತ್ತಿದ್ದ ರಾಗ, ಹೀಗೆ ದೊಡ್ಡ ಕಂಪನಿಗಳು ಮೂಸಿಯೂ ನೋಡದ್ದನ್ನೆಲ್ಲ ರೆಕಾರ್ಡು ಮಾಡಿದೆವು. ಕಚೇರಿ ಉಪ್ಪಿನಕಾಯಿ ಅಂಗಡಿಯ ಮೇಲಿನ ಕೋಣೆ. ಕೆಳಗೆ ಪೀಪಾಯಿಗಳಲ್ಲಿ ಸೌತೆಕಾಯಿ ನೆನೆಯುತ್ತಿತ್ತು, ಮೇಲೆ ಸಮಿತಿ ನೆನೆಯುತ್ತಿತ್ತು. ನಮ್ಮ ರೆಕಾರ್ಡನ್ನು ಹೊದಿಕೆಯಿಂದ ತೆಗೆದರೆ ಮೊದಲು ಬರುತ್ತಿದ್ದದ್ದು ಬೆಳ್ಳುಳ್ಳಿ ಮತ್ತು ಸಬ್ಬಸಿಗೆಯ ವಾಸನೆ, ಹಾಡು ಆಮೇಲೆ.

ಬಾಶೆ ಕಾರ್ಯದರ್ಶಿ. ಅಂದರೆ ಕೆಲಸವೆಲ್ಲ ಅವಳದು. ನಾನು ಉಪಕಾರ್ಯದರ್ಶಿ, ಮಡಚುವ ಕುರ್ಚಿಗಳನ್ನು ಸಭೆಗೆ ಮುಂಚೆ ಬಿಡಿಸಿ, ಸಭೆಯಾದ ಮೇಲೆ ಮಡಚುವುದು ನನ್ನ ಖಾತೆ. ಉಳಿದವರು ಅಭಿಪ್ರಾಯ ಕೊಡುತ್ತಿದ್ದರು. ಅಧ್ಯಕ್ಷ ಪ್ಲೋಟ್ಕಿನ್ನರಿಗೆ ಕೋಣೆಯೂ ಸೇರಿತ್ತು, ಏಕೆಂದರೆ ಅಂಗಡಿಯ ಕಟ್ಟಡ ಅವರ ಭಾವಮೈದುನನದು. ಸಂಘಕ್ಕೆ ಬರುವ ಸಹಾಯವನ್ನೂ ಅವರೇ ತರುತ್ತಿದ್ದರು. ಊರಿನ ಶ್ರೀಮಂತರು ಅವರ ಕ್ಲಿನಿಕ್ಕಿನ ಕುರ್ಚಿಯಲ್ಲಿ ಬಾಯಿ ತೆರೆದು ಮಲಗಿರುವಾಗ ಡಾಕ್ಟರು ಸಂಘದ ವಿಚಾರ ಎತ್ತುತ್ತಿದ್ದರು. ಬಾಯಲ್ಲಿ ಸಲಕರಣೆ ಇರುವಾಗ ಯಾರಿಗೂ ಇಲ್ಲ ಅನ್ನಲು ಆಗುತ್ತಿರಲಿಲ್ಲ.

ಡಾಕ್ಟರಿಗೆ ಭಾಷಣದ ಚಟ. ವರ್ಷಕ್ಕೊಮ್ಮೆ ತಮ್ಮ ತಾಯಿ ಮಾಲ್ಕೆಯ ನೆನಪಿನಲ್ಲಿ ಉಪನ್ಯಾಸ ಕೊಡುತ್ತಿದ್ದರು. ಹೆಂಗಸರಿಗೆ ವಿದ್ಯೆಯಿಲ್ಲದ ಆ ಕಾಲದಲ್ಲೂ ಆಕೆ ಮೇಣದಬತ್ತಿಯ ಬೆಳಕಿನಲ್ಲಿ ಧರ್ಮಗ್ರಂಥ ಓದಿ ನೆರೆಹೊರೆಗೆ ಅರ್ಥ ಹೇಳುತ್ತಿದ್ದಳೆಂದು ನಮಗೆಲ್ಲ ಕೇಳಿ ಕೇಳಿ ಬಾಯಿಪಾಠವಾಗಿತ್ತು. ಸಿನಗಾಗ್ ಪಕ್ಕದ ಕಟ್ಟಡದಲ್ಲಿ ಆಕೆಯ ಹೆಸರಿನದೇ ಒಂದು ವಾಚನಾಲಯವನ್ನು ಡಾಕ್ಟರು ಕಟ್ಟಿಸಿದ್ದರು. ಬಾಗಿಲ ಮೇಲೆ ಹಿತ್ತಾಳೆ ಅಕ್ಷರ: "ವಿದುಷಿ ಮಾಲ್ಕೆ ಪ್ಲೋಟ್ಕಿನ್ ವಾಚನಾಲಯ."

ಸಂಘ ಹದಿನೈದನೆಯ ವರ್ಷಕ್ಕೆ ಕಾಲಿಟ್ಟಾಗ ಒಂದು ವಿಶೇಷ ರೆಕಾರ್ಡು ತರಬೇಕೆಂದಾಯಿತು. ಡಾಕ್ಟರಿಗೆ ದೊಡ್ಡ ಗಾಯಕ, ದೊಡ್ಡ ಮೇಳ, ದೊಡ್ಡ ಸಭಾಂಗಣ ಬೇಕಿತ್ತು. ಬಾಶೆಗೆ ಚಾರ್ನೆ ಬೇಕಿತ್ತು.

ಚಾರ್ನೆ ನಮ್ಮ ಸಿನಗಾಗ್‌ನ ಬಾಲ್ಕನಿಯ ಜೋಗೆರ್ಕೆ. ಹೆಂಗಸರು ಮೇಲೆ ಬಾಲ್ಕನಿಯಲ್ಲಿ ಕೂರುತ್ತಿದ್ದರು, ಬಹಳ ಜನರಿಗೆ ಅಕ್ಷರ ಬರುತ್ತಿರಲಿಲ್ಲ. ಅಕ್ಷರ ಬಲ್ಲ ಒಬ್ಬಳು ಗಟ್ಟಿಯಾಗಿ, ಅಳುವ ರಾಗದಲ್ಲಿ ಪ್ರಾರ್ಥನೆ ಹೇಳಬೇಕು. ಉಳಿದವರು ಅವಳ ಹಿಂದೆ ಹೇಳಬೇಕು, ಅವಳು ಬಿಕ್ಕಿದ ಕಡೆ ಬಿಕ್ಕಬೇಕು. ಅವಳೇ ಜೋಗೆರ್ಕೆ. ಆ ಕೆಲಸ ಮಾಡಿದವರಲ್ಲಿ ನಮ್ಮ ಕಡೆ ಉಳಿದವಳು ಚಾರ್ನೆ ಒಬ್ಬಳೇ. ಹೊಸ ಕಾಲದ ಹೆಂಗಸರಿಗೆ ಓದಲು ಬರುತ್ತಿತ್ತು, ಹೀಗಾಗಿ ಅಳು ನಿಂತುಹೋಗಿತ್ತು.

"ರೆಕಾರ್ಡಿನ ಒಂದು ಪಕ್ಕ ಚಾರ್ನೆ, ಇನ್ನೊಂದು ಪಕ್ಕ ನಿಮ್ಮ ಗಾಯಕ," ಎಂದು ಬಾಶೆ ರಾಜಿಗೆ ಬಂದಳು. ಅವಳ ಜೀವಮಾನದ ಏಕೈಕ ರಾಜಿ ಅದು, ಅದಕ್ಕೂ ಅವಳು ಆಮೇಲೆ ಪಶ್ಚಾತ್ತಾಪಪಟ್ಟಳು.

ಬಾಶೆಯ ಅಕ್ಕನ ಮಗ ಹೆಶಿ ರೇಡಿಯೋ ರಿಪೇರಿ ಅಂಗಡಿ ಇಟ್ಟಿದ್ದ, ಧ್ವನಿಮುದ್ರಣ ಅವನದೇ. ಅವನೂ ಬಾಶೆಯೂ ನಾನೂ ಚಾರ್ನೆಯ ಅಡುಗೆಮನೆಗೆ ಹೋಗಿ ವಿಷಯ ತಿಳಿಸಿದೆವು. ಶುಕ್ರವಾರ ಸಂಜೆ ಶುರುವಾಗುವ ವಾರದ ವಿರಾಮದ ದಿನವಾದ ಸಬ್ಬತ್‌ಗೆ ದೀಪ ಹಚ್ಚುವಾಗಿನ ಮಂತ್ರ, ಅದರ ಹಿಂದೆ ಅವಳು ಹೇಳುವ ಬೇಡಿಕೆ, ಇಷ್ಟು ಬೇಕು. ಮಂಗಳವಾರ ಸ್ಟುಡಿಯೋಗೆ ಬನ್ನಿ ಎಂದ ಹೆಶಿ.

ಚಾರ್ನೆ ಶಾವಿಗೆ ಕೊಯ್ಯುವ ಚಾಕು ಕೆಳಗಿಟ್ಟಳು. "ಮಂಗಳವಾರ ದೀಪ ಎಲ್ಲಿರುತ್ತಪ್ಪಾ?"

"ದೀಪ ಬೇಡ ಅಜ್ಜೀ. ಧ್ವನಿ ಸಾಕು."

"ದೀಪ ಇಲ್ದೆ ದೀಪದ ಮಂತ್ರ ಹೇಳೋಕಾಗುತ್ತಾ? ದೇವರ ಹೆಸರು ಹಿಡಿದು ಕೂಗ್ತೀನಿ, ಅವನು ಬಂದು ಏನಮ್ಮ ಅಂದ್ರೆ ಏನು ಹೇಳ್ಲಿ? ಏನಿಲ್ಲ ಹೋಗು, ಮೈಕು ನೋಡ್ತಿದ್ದೆ ಅಂತಾನಾ?"

"ಗಾಯಕರೆಲ್ಲ ಹೆಸರಿನ ಜಾಗದಲ್ಲಿ ಬೇರೆ ಶಬ್ದ ಹಾಕಿ ಹಾಡ್ತಾರಲ್ಲ," ಎಂದೆ ನಾನು. ಅದು ನಮ್ಮಲ್ಲಿ ಪದ್ಧತಿ; ಅಭ್ಯಾಸಕ್ಕೆ ಹೇಳುವಾಗ ನಿಜವಾದ ಹೆಸರು ಎತ್ತುವುದಿಲ್ಲ.

ಬಾಶೆ ನನ್ನ ಕಡೆ ತಿರುಗಿದಳು. "ಬೇರೆ ಶಬ್ದ ನನಗೆ ಬೇಡ. ಇವಳು ಬೇಡಿಕೊಳ್ಳೋದು ಬೇಕು, ಬೇಡಿಕೊಳ್ಳೋ ಹಾಗೆ ನಟಿಸೋದಲ್ಲ. ಶುಕ್ರವಾರ ಬರ್ತೀವಿ ಚಾರ್ನೆ. ನೀನು ದೀಪ ಹಚ್ಚು, ನಾವು ಮೂಲೇಲಿ ಇರ್ತೀವಿ."

"ಒಂದೇ ಸಲ ಹೇಳ್ತೀನಿ. ಕೆಮ್ಮು ಬಂದ್ರೆ ಕೆಮ್ಮೂ ಟೇಪಿಗೆ ಹೋಗುತ್ತೆ."

"ಹೋಗ್ಲಿ."

ಶುಕ್ರವಾರ ಸೂರ್ಯ ಇಳಿಯುವ ಮುಂಚೆ ನಾಲ್ಕನೆಯ ಮಹಡಿಗೆ ಯಂತ್ರ ಹೊತ್ತು ಹೆಶಿ ಏದುಸಿರು ಬಿಡುತ್ತಿದ್ದ. ಮೇಜಿನ ಮೇಲೆ ಜಡೆ ಹೆಣೆದ ಬ್ರೆಡ್ಡು, ಅದರ ಮೇಲೆ ಕಸೂತಿಯ ಬಟ್ಟೆ. ಒಲೆಯ ಮೇಲೆ ಕೋಳಿ ಸಾರು. ಹೆಶಿ ಟೇಪು ತಿರುಗಲು ಬಿಟ್ಟ. ಚಾರ್ನೆ ದೀಪ ಹಚ್ಚಿದಳು, ಕೈಗಳನ್ನು ಜ್ವಾಲೆಯ ಸುತ್ತ ಆಡಿಸಿ ಕಣ್ಣು ಮುಚ್ಚಿಕೊಂಡು ಮಂತ್ರ ಹೇಳಿದಳು. ಆಮೇಲೆ ನಮ್ಮ ಮನೆಮಾತು ಯಿಡ್ಡಿಷಿನಲ್ಲಿ ಬೇಡಿಕೆ ಶುರುವಾಯಿತು. ಮಕ್ಕಳಿಗೆ ಹುಷಾರು ಕೊಡು, ಗಂಡಸರಿಗೆ ಕೆಲಸ ಕೊಡು, ಕೆಲಸ ಇದ್ದವರಿಗೆ ವಿಶ್ರಾಂತಿ ಕೊಡು, ಊರು ಬಿಟ್ಟು ಬರಲಾಗದೆ ಅಲ್ಲೇ ಉಳಿದವರನ್ನು ನೀನಾದರೂ ಮರೆಯಬೇಡ. ಆ ಧ್ವನಿಯನ್ನು ವರ್ಣಿಸುವುದು ನನ್ನ ಕೈಲಿ ಆಗುವುದಿಲ್ಲ. ನಾನು ಕುರ್ಚಿಗಳ ಉಸ್ತುವಾರಿ. ಅಷ್ಟು ಗಟ್ಟಿಗಿತ್ತಿ ಬಾಶೆ ಗೋಡೆಯ ಕಡೆ ತಿರುಗಿ ನಿಂತಿದ್ದಳು ಎಂದರೆ ಸಾಕು.

ಆಮೆನ್ ಎಂದು ಚಾರ್ನೆ ಕೈ ತೆಗೆದಳು. ಹೆಶಿ ಯಂತ್ರ ನಿಲ್ಲಿಸಲು ಬೆರಳು ಚಾಚಿದ.

"ಮುಟ್ಬೇಡ!"

"ನಿಲ್ಲಿಸ್ಬೇಕಲ್ಲ ಅಜ್ಜೀ."

"ನನ್ನ ಮನೇಲಿ ಸಬ್ಬತ್ ಬಂದಾಯ್ತು. ದೀಪ ಹಚ್ಚಿದ ಮೇಲೆ ಇಲ್ಲಿ ಯಾವ ಯಂತ್ರವನ್ನೂ ಹಚ್ಚೋ ಹಾಗಿಲ್ಲ, ಆರಿಸೋ ಹಾಗಿಲ್ಲ."

"ನಾನೇನು ಅಷ್ಟೆಲ್ಲ ಮಡಿ ಮಾಡೋನಲ್ಲ."

"ನೀನು ಬೀದೀಲಿ ಏನಾದ್ರೂ ಮಾಡ್ಕೋ. ಇಲ್ಲಿ ಕೂತ್ಕೋ, ಸಾರು ಕುಡಿ."

ಹೆಶಿ ಬಾಶೆಯ ಕಡೆ ನೋಡಿದ. "ಚಿಕ್ಕಮ್ಮಾ, ಟೇಪು ಸುಮ್ನೆ ಓಡ್ತಿದೆ."

"ಓಡ್ಲಿ ಬಿಡು, ಸುಸ್ತಾದಾಗ ನಿಲ್ಲುತ್ತೆ," ಎಂದಳು ಬಾಶೆ.

ಮೊದಲು ಎಲ್ಲರೂ ಯಂತ್ರದ ಕಡೆ ಕದ್ದು ನೋಡುತ್ತಾ ಮೆಲ್ಲಗೆ ಮಾತಾಡಿದೆವು. ಸಾರು ಬಂತು, ಶಾವಿಗೆ ಬಂತು, ಮೂಲಂಗಿಯಂಥದೇ ಖಾರದ ಗೆಡ್ಡೆಯ ಚಟ್ನಿ ಬಂತು. ಚಟ್ನಿ ಬಾಯಿಗೆ ಹೋದ ಮೇಲೆ ಯಾರಿಗೂ ಯಂತ್ರದ ನೆನಪಿರಲಿಲ್ಲ.

ಮುಂದಿನ ವಾರ ಡಾಕ್ಟರು ಹೆಶಿಯ ಅಂಗಡಿಯಲ್ಲಿ ಟೇಪು ಕೇಳಿದರು. ಹೊರಗೆ ಬಂದಾಗ ಅವರ ಮುಖ ಹಲ್ಲು ಕೀಳಿಸಿಕೊಂಡವರ ಮುಖದಂತಿತ್ತು. ಅದೇ ಸಂಜೆ ಸಭೆ ಕರೆದರು.

"ಪ್ರಾರ್ಥನೆ ಅದ್ಭುತ," ಎಂದರು. "ಆಮೆನ್ ಆದ ತಕ್ಷಣ ಟೇಪು ಕತ್ತರಿಸಿ ಉಳಿದ ಜಾಗಕ್ಕೆ ಪಿಟೀಲು ಸೇರಿಸೋಣ. ಆಮೇಲಿರೋದು ಊಟದ ಗಲಾಟೆ, ತಾಂತ್ರಿಕ ದೋಷ."

"ಅದು ದೋಷ ಹೌದೋ ಅಲ್ವೋ ಎಲ್ರೂ ಕೇಳ್ಲಿ. ಹೆಶಿ, ಹಾಕು," ಎಂದಳು ಬಾಶೆ.

ಸಮಿತಿಯಲ್ಲಿ ಒಬ್ಬ ಮಡಿವಂತರಿದ್ದರು. ಸಬ್ಬತ್ ದಿನ ಓಡಿದ ಟೇಪನ್ನು ಕೇಳಬಹುದೇ ಎಂದು ತಡೆದರು. ನಾನು ಓಡಿಹೋಗಿ ನಮ್ಮ ಧರ್ಮಗುರು ರಬ್ಬಿಗಳನ್ನು ಕೇಳಿ ಬಂದೆ. ಅವರು ಚಹಾ ಕುಡಿಯುತ್ತಿದ್ದರು.

"ದೀಪ ಹಚ್ಚಿದ ಮೇಲೆ ಯಾರಾದ್ರೂ ಮುಟ್ಟಿದ್ರಾ?"

"ಇಲ್ಲ ರಬ್ಬಿಗಳೇ."

"ಹಾಗಾದ್ರೆ ಸಬ್ಬತ್ ಮುರಿದದ್ದು ಯಂತ್ರ. ಅದನ್ನ ಕರ್ಕೊಂಡು ಬನ್ನಿ, ನಾನು ವಿಚಾರಿಸ್ಕೋತೀನಿ."

ಟೇಪು ಹಾಕಿದರು. ಪ್ರಾರ್ಥನೆ ಮುಗಿಯಿತು, ಯಂತ್ರದ ಜಗಳ ಬಂತು, ಚಮಚಗಳ ಸದ್ದು ಬಂತು. ಆಮೇಲೆ ಚಾರ್ನೆಯ ಧ್ವನಿ, ಬಾಯಲ್ಲಿ ಶಾವಿಗೆ ಇಟ್ಟುಕೊಂಡೇ:

"...ಕಂಬದ ಪಕ್ಕ ಕೂರ್ತಿದ್ಲು ಮಾಲ್ಕೆ ಪ್ಲೋಟ್ಕಿನ್. ನಮ್ಮ ಹಲ್ಲಿನ ಡಾಕ್ಟರ ತಾಯಿ. ಒಂದಕ್ಷರ ಬರ್ತಿರಲಿಲ್ಲ ಪಾಪ. ಪುಸ್ತಕ ಮಡಿಲಲ್ಲಿ ಮುಚ್ಚಿಟ್ಕೊಂಡು ನನ್ನ ಬಾಯೇ ನೋಡ್ತಿದ್ಲು. ಒಂದು ಸಲ ಚಳಿಗಾಲ, ಕಿಟಕಿ ತೆಗೆದಿದೆ, ನನ್ನ ಬೆನ್ನು ಮರಗಟ್ತಿದೆ. ಪ್ರಾರ್ಥನೆ ಮಧ್ಯೆ ನಿಲ್ಲಿಸೋ ಹಾಗಿಲ್ಲ. ಅದೇ ರಾಗದಲ್ಲಿ ಅಳ್ತಾ ಹೇಳ್ದೆ, ಅಯ್ಯೋ ಹೆಂಗಸರೇ, ಯಾರಾದ್ರೂ ಕಿಟಕಿ ಹಾಕ್ರೇ ಅಂತ. ಇಡೀ ಬಾಲ್ಕನಿ ಅತ್ತಿತು, ಅಯ್ಯೋ ಹೆಂಗಸರೇ, ಯಾರಾದ್ರೂ ಕಿಟಕಿ ಹಾಕ್ರೇ! ಪುಸ್ತಕದಲ್ಲಿ ಬೆರಳಿಟ್ಟು ಓದೋ ಹಾಗೆ ಮಾಡ್ತಿದ್ದೋರೂ ಅತ್ರು!"

ಟೇಪಿನಲ್ಲಿ ನಾವೆಲ್ಲ ನಕ್ಕಿದ್ದು ಕೇಳಿಸಿತು. ಹೆಶಿಗೆ ನೆತ್ತಿ ಹತ್ತಿದ್ದೂ ಕೇಳಿಸಿತು. ಮತ್ತೆ ಚಾರ್ನೆ: "ಮಾಲ್ಕೆ ಒಬ್ಬಳು ಅಳಲಿಲ್ಲ. ಎದ್ದು ಹೋಗಿ ಕಿಟಕಿ ಹಾಕಿ ಬಂದು ಕೂತ್ಲು."

ಕೋಣೆಯಲ್ಲಿ ಯಾರೂ ಡಾಕ್ಟರ ಕಡೆ ನೋಡಲಿಲ್ಲ. ನೋಡದೆ ಇರಲು ಎಲ್ಲರೂ ಎಷ್ಟು ಶ್ರಮಪಟ್ಟರೆಂದರೆ ಅದು ನೋಡಿದ್ದಕ್ಕಿಂತ ಹೆಚ್ಚಾಯಿತು.

"ಇದು ಹೊರಗೆ ಹೋದ್ರೆ," ಎಂದರು ಡಾಕ್ಟರು, "ವಾಚನಾಲಯದ ಬಾಗಿಲಲ್ಲಿ ನಿಂತು ಊರೆಲ್ಲ ನಗುತ್ತೆ. ಕತ್ತರಿಸಿ."

"ಇಲ್ಲ."

"ಕತ್ತರಿಸದೆ ಇದ್ರೆ ನಾನು ರಾಜೀನಾಮೆ ಕೊಡ್ತೀನಿ. ಈ ಕೋಣೆ ಇರಲ್ಲ, ಸಹಾಯ ಇರಲ್ಲ. ನೀವು ಇಷ್ಟು ವರ್ಷ ಕಟ್ಟಿದ ಸಂಘ ಇರಲ್ಲ, ಶ್ರೀಮತಿ ಕಾರ್ಲಿನ್ಸ್ಕಿ."

ಬಾಶೆಗೆ ಮಕ್ಕಳಿಲ್ಲ, ಮೇಯರ್ ಇಲ್ಲ, ಕಾಜಾ ಹಾಕಿ ಹಾಕಿ ಬೆರಳುಗಳ ಗಂಟು ಬಾತಿದ್ದರಿಂದ ಕೆಲಸವೂ ಇಲ್ಲ. ಬೆಳಿಗ್ಗೆ ಎದ್ದು ಅವಳು ಹೋಗುವ ಜಾಗ ಅಂತ ಇದ್ದದ್ದು ಉಪ್ಪಿನಕಾಯಿಯ ಮೇಲಿನ ಈ ಕೋಣೆಯೊಂದೇ. ಅದು ಡಾಕ್ಟರಿಗೂ ಗೊತ್ತಿತ್ತು.

"ನಾನು ಜೀವಮಾನವೆಲ್ಲ ಕತ್ತರಿ ಹಿಡಿದೋಳು ಡಾಕ್ಟ್ರೇ," ಎಂದಳು. "ಕಾಜಾಕ್ಕೆ ಬಟ್ಟೆ ಕತ್ತರಿಸಿದ್ದೀನಿ. ಮನುಷ್ಯರನ್ನ ಕತ್ತರಿಸೋ ಕೆಲಸ ಬರಲ್ಲ. ಮುಚ್ಚಿ ನಿಮ್ಮ ಸಂಘ."

ಮತಕ್ಕೆ ಹಾಕಿದರು. ಹೆಶಿ ಸಮಿತಿಯವನಲ್ಲ. ಬಾಶೆಯ ಕಡೆ ಬಿದ್ದದ್ದು ಬಾಶೆಯ ಕೈ, ಮತ್ತು ನನ್ನದು. ನನ್ನದನ್ನು ಲೆಕ್ಕಕ್ಕೆ ಹಿಡಿಯಬೇಕೇ ಎಂದು ಒಬ್ಬರು ಕೇಳಿದರು, ಏಕೆಂದರೆ ನಾನು ಆಗ ಕುರ್ಚಿ ಎತ್ತುತ್ತಿದ್ದೆ. ಬಾಶೆ ಎದ್ದು ಯಂತ್ರದಿಂದ ಟೇಪಿನ ಸುರುಳಿ ತೆಗೆದಳು, ಸಂತೆಯ ಚೀಲದಲ್ಲಿ ಬೀಟ್‌ರೂಟಿನ ಕೆಳಗೆ ತುರುಕಿಕೊಂಡಳು, ಮೆಟ್ಟಿಲಿಳಿದು ಹೋದಳು. ಅವಳಿಗೆ ಆ ಅಧಿಕಾರ ಇದೆಯೇ ಇಲ್ಲವೇ ಎಂದು ಸಮಿತಿ ಬಹಳ ಹೊತ್ತು ಚರ್ಚಿಸಿತು. ಬೀಟ್‌ರೂಟಿನ ಚೀಲಕ್ಕೆ ಕೈ ಹಾಕುವ ಧೈರ್ಯ ಮಾತ್ರ ಯಾರೂ ತೋರಲಿಲ್ಲ.

ಮರುದಿನ ಡಾಕ್ಟರು ಚಾರ್ನೆಯ ಮನೆಗೆ ಹೊರಟರು, ಸಾಕ್ಷಿಗೆಂದು ನನ್ನನ್ನೂ ಕರೆದರು. ನಾಲ್ಕು ಮಹಡಿ ಹತ್ತಿದ ಮೇಲೆ ಅವರ ಭಾಷಣಕ್ಕೆ ಉಸಿರು ಸಾಲಲಿಲ್ಲ, ಅದರಿಂದ ಒಳ್ಳೆಯದೇ ಆಯಿತು, ನೇರವಾಗಿ ಮಾತಾಡಿದರು.

"ಅಜ್ಜೀ, ನಮ್ಮಮ್ಮ ಹೋಗಿ ಇಷ್ಟು ವರ್ಷ ಆಯ್ತು. ಸತ್ತವರಿಗೆ ನಾಚಿಕೆ ತರಿಸೋದು ಪಾಪ ಅಲ್ವಾ?"

ಚಾರ್ನೆಯ ಮುಖ ಬಿಳುಚಿತು. ಅವಳು ಆ ಪಾಪವನ್ನು ನಿಜವಾಗಿಯೂ ನಂಬುವವಳು. "ಅಯ್ಯೋ, ನಾನು ನಗ್ತಾ ಹೇಳಿದ್ದು ಕಣಪ್ಪ. ಮಾಲ್ಕೆ ಮೇಲೆ ನನಗೆ ಪ್ರಾಣ. ತೆಗೆಸಿಬಿಡು. ನಾನು ಬಾಶೆಗೆ ಹೇಳ್ತೀನಿ."

ಹೇಳುವ ಅಗತ್ಯವೇ ಬೀಳಲಿಲ್ಲ. ನಾವು ಮೆಟ್ಟಿಲು ಹತ್ತಿದ್ದನ್ನು ಯಾರೋ ನೋಡಿ ಸುದ್ದಿ ಮುಟ್ಟಿಸಿದ್ದರು. ಬಾಗಿಲಲ್ಲಿ ಬಾಶೆ ಚೀಲ ಹಿಡಿದು ನಿಂತಿದ್ದಳು.

"ಏನಂದೆ ಚಾರ್ನೆ?"

"ತೆಗೆಸು ಬಾಶೆ. ಅವಳಿಗೆ ಓದೋಕೆ ಬರ್ತಿರಲಿಲ್ಲ ಅಂತ ಊರಿಗೆಲ್ಲ ಯಾಕೆ ಸಾರಬೇಕು? ನಾಚಿಕೆ ಅಲ್ವಾ ಅದು?"

"ನಾಚಿಕೆನಾ?" ಬಾಶೆ ಚೀಲವನ್ನು ಮೇಜಿನ ಮೇಲೆ ಕುಕ್ಕಿದಳು. ಬೀಟ್‌ರೂಟೊಂದು ಉರುಳಿ ಡಾಕ್ಟರ ಬೂಟಿನ ಹತ್ತಿರ ನಿಂತಿತು. "ಹಾಗಾದ್ರೆ ನೀನು ಇಷ್ಟು ವರ್ಷ ಬಾಲ್ಕನೀಲಿ ಮಾಡಿದ್ದೇನು? ನಾಚಿಕೆಗೆಟ್ಟೋರ ಅಂಗಡಿ ಇಟ್ಟಿದ್ಯಾ? ನಮ್ಮಮ್ಮನಿಗೂ ಬರ್ತಿರಲಿಲ್ಲ ಒಂದಕ್ಷರ. ನಿನ್ನ ಹಿಂದೇನೇ ಹೇಳ್ತಿದ್ಲು. ಅವಳನ್ನೂ ಕತ್ತರಿಸ್ಲಾ? ಅಲ್ಲಿದ್ದ ಅರ್ಧ ಹೆಂಗಸರನ್ನ ಕತ್ತರಿಸ್ಬೇಕಾಗುತ್ತೆ. ಆಮೇಲೆ ನೀನು ಖಾಲಿ ಬೆಂಚುಗಳಿಗೆ ಹೇಳ್ಕೊಟ್ಟ ಹಾಗಾಗುತ್ತೆ, ನೋಡು."

"ಬಾಶೆ, ನನ್ನ ಮೇಲೆ ಕೂಗಬೇಡ."

"ಕೂಗ್ತೀನಿ! ಆ ಕಂಪನಿಯವನು ಇದು ಹಾಡಲ್ಲ ಅಂದ. ಅವನು ಹೊರಗಿನೋನು, ಸಹಿಸ್ಕೊಂಡೆ. ಈಗ ನೀನೇ ಹೇಳ್ತಿದ್ದೀಯಲ್ಲೇ, ಇದು ಮುಚ್ಚಿಡೋ ವಿಷಯ ಅಂತ."

ಚಾರ್ನೆ ಎದ್ದಳು. ಅವಳ ಎತ್ತರ ಬಾಶೆಯ ಭುಜಕ್ಕೆ ಬರುತ್ತಿತ್ತು. ಈಗ ಸಿಟ್ಟು ಅವಳದಾಗಿತ್ತು. "ಯಾರು ಹೇಳಿದ್ದು ಮುಚ್ಚಿಡ್ತೀನಿ ಅಂತ? ನನ್ನ ಬೆಂಚಲ್ಲಿ ನಾಚ್ಕೊಂಡು ಕೂತೋರು ಯಾರೂ ಇರಲಿಲ್ಲ! ಬಾಯಿಬಿಟ್ಟು ಕೇಳ್ತಿದ್ರು, ಗಟ್ಟಿಯಾಗಿ ಕೇಳ್ತಿದ್ರು, ದೇವರಿಗೂ ಕಿವಿ ನೋಯೋ ಹಾಗೆ!" ಆಮೇಲೆ ಡಾಕ್ಟರ ಕಡೆ ತಿರುಗಿದಳು. "ನೋಡಪ್ಪ ಮಾರ್ವಿನ್. ಓದೋ ಹಾಗೆ ನಟಿಸ್ತಿದ್ದೋರು ಕಿಟಕಿಗೆ ಅತ್ರು. ನಿಮ್ಮಮ್ಮ ಒಬ್ಬಳು ಎದ್ದು ಕಿಟಕಿ ಹಾಕಿದ್ಲು. ಯಾಕೆ ಗೊತ್ತಾ? ಅವಳೊಬ್ಬಳು ನಾನು ಹೇಳಿದ್ದನ್ನ ಕೇಳಿಸ್ಕೋತಿದ್ಲು. ಅಂಥವಳನ್ನ ನೀನು ಹಿತ್ತಾಳೇಲಿ ಅಚ್ಚು ಹಾಕಿಸಿ ಬೇರೆ ಯಾರನ್ನೋ ಮಾಡಿಟ್ಟಿದ್ದೀಯ. ಟೇಪು ಪೂರ್ತಿ ರೆಕಾರ್ಡಿಗೆ ಹೋಗುತ್ತೆ. ಇಲ್ಲಾಂದ್ರೆ ನನ್ನ ಪ್ರಾರ್ಥನೇನೂ ವಾಪಸ್ ಕೊಡು."

ಡಾಕ್ಟರು ಬೀಟ್‌ರೂಟನ್ನು ಎತ್ತಿ ಮೇಜಿನ ಮೇಲೆ ಇಟ್ಟರು, ಟೋಪಿ ಹಾಕಿಕೊಂಡರು. "ಸಂಘದ ವಸ್ತುಗಳನ್ನ ತಿಂಗಳ ಕೊನೆಯೊಳಗೆ ಕೋಣೆಯಿಂದ ಖಾಲಿ ಮಾಡಿಸಿ," ಎಂದು ನನಗೆ ಹೇಳಿ ಇಳಿದುಹೋದರು. ಹೇಳಿದ ಮಾತನ್ನು ಅವರು ಅಕ್ಷರಶಃ ಉಳಿಸಿಕೊಂಡರು. ಅವರ ಜೊತೆ ಸಮಿತಿಯ ಬಹುತೇಕರೂ ಹೋದರು. ನಾನು ಕುರ್ಚಿಗಳೊಂದಿಗೆ ಬಾಶೆಯ ಮನೆಗೆ ಹೋದೆ.

ಆಮೇಲೆ ಸಂಘ ನಡೆದದ್ದು ಬಾಶೆಯ ಅಡುಗೆಮನೆಯಲ್ಲಿ. ರೆಕಾರ್ಡಿನ ಪೆಟ್ಟಿಗೆಗಳು ಸ್ನಾನದ ತೊಟ್ಟಿಯಲ್ಲಿ ಇರುತ್ತಿದ್ದವು. ಸ್ನಾನ ಮಾಡಬೇಕೆಂದರೆ ಸಂಸ್ಕೃತಿಯನ್ನು ಮೊದಲು ಹೊರಗೆ ಇಡಬೇಕಿತ್ತು. ಕಾಜಾ ಸಾಲಿನ ಹಳೆಯ ಗೆಳತಿಯರು ಕೈಚೀಲ ಬಿಚ್ಚಿದರು. ದೊಡ್ಡ ಗಾಯಕ ಕೈಬಿಟ್ಟದ್ದರಿಂದ ಎರಡೂ ಪಕ್ಕ ಚಾರ್ನೆಯೇ ಆದಳು: ಒಂದು ಪಕ್ಕ ಪ್ರಾರ್ಥನೆ, ಜಗಳ, ಸಾರು, ಇನ್ನೊಂದು ಪಕ್ಕ ಸಾರಿನ ಉಳಿದ ಭಾಗ, ಬಾಲ್ಕನಿ, ಕಿಟಕಿ, ಹೆಶಿಯ ಕೆಮ್ಮು. ಅಚ್ಚು ಹಾಕುವ ಕಾರ್ಖಾನೆಯವನು ಗಾಬರಿಯಾಗಿ ಕೇಳಿದ: "ಅಮ್ಮಾ, ಕೊನೆಗೆ ಮಾತು ಅರ್ಧಕ್ಕೇ ನಿಂತುಹೋಗುತ್ತಲ್ಲ, ಟೇಪು ಮುಗಿದಿದೆ. ಅಲ್ಲಿ ಸ್ವಲ್ಪ ನುಣ್ಣಗೆ ಮಾಡ್ಲಾ?"

"ಮಾತಾಡೋ ಮನುಷ್ಯರು ಮಾತು ಮುಗಿಸಿ ಸಾಯ್ತಾರಾ?" ಎಂದಳು ಬಾಶೆ. "ಹಾಗೇ ಒತ್ತು."

ನಮ್ಮ ರೆಕಾರ್ಡುಗಳಲ್ಲಿ ಎರಡನೆಯ ಸಲ ಅಚ್ಚು ಹಾಕಿಸಬೇಕಾಗಿ ಬಂದದ್ದು ಅದೊಂದೇ. ದೂರದ ಊರುಗಳ ಹೆಂಗಸರು ನ್ಯೂಯಾರ್ಕಿಗೆ ಬಂದಾಗ ಬಾಶೆಯ ಬಾಗಿಲು ತಟ್ಟಿ, "ನಮ್ಮಮ್ಮನೂ ಹಾಗೇ," ಎನ್ನುತ್ತಿದ್ದರು. ಆ ಮಾತು ಹೇಳುವ ಮುಂಚೆ ಒಮ್ಮೆ ಹಿಂದೆ ತಿರುಗಿ ನೋಡುತ್ತಿದ್ದರು. ಬಾಶೆ ಅವರನ್ನು ಒಳಗೆ ಕರೆದು, "ಗಟ್ಟಿಯಾಗಿ ಹೇಳಮ್ಮ, ಪಕ್ಕದ ಮನೆಗೂ ಕೇಳ್ಲಿ," ಎಂದು ಚಹಾ ಗ್ಲಾಸು ಮುಂದಿಡುತ್ತಿದ್ದಳು.

ರೆಕಾರ್ಡು ಬಂದ ವಾರವೇ ಒಂದು ಪ್ರತಿಯನ್ನು ಅವಳು ವಿದುಷಿ ಮಾಲ್ಕೆ ಪ್ಲೋಟ್ಕಿನ್ ವಾಚನಾಲಯಕ್ಕೆ ಒಯ್ದಳು. ಅಲ್ಲಿನ ಗ್ರಂಥಪಾಲಕಿ, ಕನ್ನಡಕದ ತೆಳ್ಳನೆಯ ಹೆಂಗಸು, "ನಮ್ಮಲ್ಲಿ ರೆಕಾರ್ಡು ಹಾಕೋ ಯಂತ್ರ ಇಲ್ಲ," ಎಂದು ಹಿಂದಿರುಗಿಸಿದಳು. ಮರುದಿನ ಹೆಶಿ ಯಂತ್ರ ಹೊತ್ತು ಬಂದ. ಬಾಶೆ ಓದುವ ಮೇಜಿನ ನಡುವೆ ಅದನ್ನು ಇರಿಸಿ, ಪಕ್ಕದಲ್ಲಿ ಕುರ್ಚಿ ಎಳೆದುಕೊಂಡು ಕೂತಳು. ಕುರ್ಚಿ ನಾನು ಒಯ್ದದ್ದು.

ಚಾರ್ನೆಯ ಧ್ವನಿ ವಾಚನಾಲಯ ತುಂಬಿತು. ಪತ್ರಿಕೆ ಓದುತ್ತಿದ್ದ ಮುದುಕರು ಪತ್ರಿಕೆ ಕೆಳಗಿಟ್ಟರು. ಬೀದಿಯಲ್ಲಿ ತರಕಾರಿ ಕೊಂಡು ಹೋಗುತ್ತಿದ್ದ ಇಬ್ಬರು ಹೆಂಗಸರು ಒಳಗೆ ಇಣುಕಿ, ಪುಸ್ತಕಗಳಿಗೆ ಹೆದರಿ, ಬಾಗಿಲಲ್ಲೇ ನಿಂತರು. ಗ್ರಂಥಪಾಲಕಿ ಡಾಕ್ಟರಿಗೆ ಫೋನು ಮಾಡಿದಳು. ಕ್ಲಿನಿಕ್ಕು ಹತ್ತಿರವೇ; ಅವರು ಬಿಳಿಯ ಕೋಟಿನಲ್ಲೇ ಬಂದರು. ಅಷ್ಟರಲ್ಲಿ ರೆಕಾರ್ಡು ಎರಡನೆಯ ಪಕ್ಕಕ್ಕೆ ತಿರುಗಿತ್ತು.

ಡಾಕ್ಟರು ಬಾಶೆಯ ಹತ್ತಿರ ಬಂದು ಗೋಡೆಯ ಕಡೆ ಬೆರಳು ತೋರಿಸಿದರು. ಅಲ್ಲಿ ದಪ್ಪ ಅಕ್ಷರದಲ್ಲಿ ಒಂದು ಹಲಗೆ: ನಿಶ್ಶಬ್ದವಾಗಿರಿ.

"ಶ್ರೀಮತಿ ಕಾರ್ಲಿನ್ಸ್ಕಿ, ದಯವಿಟ್ಟು ಅದನ್ನ ಓದಿ."

ಬಾಶೆ ಹಲಗೆಯನ್ನು ಮೇಲಿನಿಂದ ಕೆಳಗೆ, ಎಡದಿಂದ ಬಲಕ್ಕೆ, ತಲೆ ವಾರೆ ಮಾಡಿ ಬಹಳ ಹೊತ್ತು ನೋಡಿದಳು. ಅವಳು ನಾಲ್ಕು ಭಾಷೆ ಓದುತ್ತಿದ್ದಳು.

"ನನಗೆ ಓದೋಕೆ ಬರಲ್ಲ ಡಾಕ್ಟ್ರೇ," ಎಂದಳು, ಬಾಗಿಲಲ್ಲಿ ನಿಂತ ಹೆಂಗಸರಿಗೂ ಕೇಳುವಷ್ಟು ಗಟ್ಟಿಯಾಗಿ.

ಯಂತ್ರದಲ್ಲಿ ಚಾರ್ನೆ ಆಗ ಕಂಬದ ಪಕ್ಕದ ಬೆಂಚಿಗೆ ಬಂದಿದ್ದಳು. ಡಾಕ್ಟರ ಬೆರಳು ಹಲಗೆಯ ಕಡೆ ಇನ್ನೂ ಸ್ವಲ್ಪ ಹೊತ್ತು ಹಾಗೇ ಇತ್ತು, ಆಮೇಲೆ ಇಳಿಯಿತು. ಅವರು ಕೋಣೆಯ ತೀರ ಆಚೆ ತುದಿಗೆ ಹೋದರು, ಬಾಶೆಗೆ ಬೆನ್ನು ಮಾಡಿ ಒಂದು ಕುರ್ಚಿಯನ್ನು ವಾಚನಾಲಯದ ನಿಯಮದಂತೆ ಸ್ವಲ್ಪವೂ ಸದ್ದಾಗದ ಹಾಗೆ ಎಳೆದುಕೊಂಡರು, ಕೂತರು. ಬಾಶೆ ಅವರ ಬೆನ್ನನ್ನು ಒಮ್ಮೆ ನೋಡಿದಳು. ಅಷ್ಟು ದೂರಕ್ಕೆ ಕೇಳಿಸಲಿಕ್ಕಿಲ್ಲ ಎಂದು ಯಂತ್ರದ ಧ್ವನಿಯನ್ನು ಇನ್ನೂ ಜೋರು ಮಾಡಿದಳು.